ಕಾರ್ಡಕ್ಕ

ಕಾರ್ಡಕ್ಕನಿಗೆ ನಿಮ್ಮ ಹುಟ್ಟುಹಬ್ಬ ನಿಮ್ಮ ಮನೆಯವರಿಗಿಂತ ಚೆನ್ನಾಗಿ ನೆನಪಿರುತ್ತದೆ. ನಿಮ್ಮ ಮೇಲೆ ವಿಶ್ವಾಸವಿಲ್ಲವೆಂದಲ್ಲ. ಆದರೆ ಕಾಗದವನ್ನು ಹೂವಿನ ಆಕಾರಕ್ಕೆ ಕತ್ತರಿಸುವ ಹೊಸ ಡೈ ಹೋದ ವಾರ ಬಂದದ್ದು ಇನ್ನೂ ಪೊಟ್ಟಣದಲ್ಲೇ ಇದೆ, ಅದನ್ನು ಬಿಚ್ಚಲು ಒಂದು ನೆಪ ಬೇಕು. ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದವರು ಲಿಫ್ಟಿನಲ್ಲಿ ಸಿಕ್ಕರೆ ಯಾವೂರು, ಏನು ಕೆಲಸ ಎಂದು ಕೇಳುವುದು ಲೋಕರೂಢಿ. ಕಾರ್ಡಕ್ಕ ನೇರವಾಗಿ ಹುಟ್ಟಿದ ತಾರೀಖಿಗೇ ಕೈಹಾಕುತ್ತಾರೆ. ಮದುವೆಯಾಗದ ಹುಡುಗರು ಏನೋ ಆಸೆಯಿಂದ ನಕ್ಷತ್ರ, ಪಾದ, ಗೋತ್ರಗಳನ್ನೂ ಸೇರಿಸಿ ಹೇಳಿಬಿಡುತ್ತಾರೆ.

ಜಯನಗರ, ಮಲ್ಲೇಶ್ವರ, ಮೈಸೂರಿನ ಕುವೆಂಪುನಗರ, ಎಲ್ಲಿ ಹುಡುಕಿದರೂ ಈ ಜಾತಿಯವರು ಒಬ್ಬರಾದರೂ ಸಿಗುತ್ತಾರೆ. ಶಾಲೆಯಿಂದಲೋ ಬ್ಯಾಂಕಿನಿಂದಲೋ ನಿವೃತ್ತಿ. ಮಗಳು ಅಮೆರಿಕದಲ್ಲಿ. ಕೈಯಾರೆ ಕಾರ್ಡು ಮಾಡುವ ಈ ರೋಗ ಅಂಟಿದ್ದು ಅಲ್ಲಿಗೆ ಬಾಣಂತನಕ್ಕೆ ಹೋದಾಗಲೇ. ಹೊರಗೆ ಹಿಮ, ಒಳಗೆ ಮಲಗಿದ ಮಗು. ಬೇಜಾರು ಕಳೆಯಲೆಂದು ಅಳಿಯ ಒಂದು ಸಂಜೆ ಮೈಕಲ್ಸ್ ಎಂಬ ಕರಕುಶಲ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದ. ಪಾಪ, ಅವನಿಗೇನು ಗೊತ್ತು! ಹೋಗುವಾಗ ಸೂಟ್‌ಕೇಸಿನ ತುಂಬ ಗೊಜ್ಜವಲಕ್ಕಿ, ಚಟ್ನಿಪುಡಿ, ಬಾಣಂತಿ ಲೇಹ್ಯ ಇದ್ದವು. ಬರುವಾಗ ಅದೇ ಜಾಗದಲ್ಲಿ ಡೈ ಒತ್ತಿ ಕಾಗದ ಕತ್ತರಿಸುವ, ಸಿಜಿಕ್ಸ್ ಕಂಪನಿಯ ಬಿಗ್ ಶಾಟ್ ಯಂತ್ರ. ಅದಕ್ಕೆ ಜಾಗ ಬಿಟ್ಟುಕೊಟ್ಟ ಯಜಮಾನರ ಸ್ವೆಟರು, ಬೂಟು ಇವತ್ತಿಗೂ ನ್ಯೂಜೆರ್ಸಿಯಲ್ಲೇ ಇವೆ.

ಒಂದು ಹೂವಿನ ಕಾರ್ಡು ಹುಟ್ಟುವ ಬಗೆ ಕೇಳಿದರೆ ಹುಟ್ಟುಹಬ್ಬದವರೇ ಬೇಡವೆಂದಾರು. ಮೊದಲು ಅಳತೆಯ ಜಗಳ. ಡೈಗಳೆಲ್ಲ ಇಂಚಿನ ಲೆಕ್ಕದವು. ಅಮೆರಿಕದ ಎಂಟೂವರೆ–ಹನ್ನೊಂದು ಇಂಚಿನ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಿಸಿದರೆ ಅವರ ಕಾರ್ಡು ಸಿದ್ಧ. ನಮ್ಮ ಎ4 ಹಾಳೆಯೋ ಉದ್ದದಲ್ಲಿ ತುಸು ಹೆಚ್ಚು, ಅಗಲದಲ್ಲಿ ತುಸು ಕಡಿಮೆ. ಹೀಗಾಗಿ ಪ್ರತಿ ಕಾರ್ಡಿಗೂ ಒಂದೊಂದು ಕಾಗದದ ಪಟ್ಟಿ ಮಿಗುತ್ತದೆ. ಅದನ್ನು ಎಸೆಯುವಂತಿಲ್ಲ. ‘ಮುಂದೆ ಎಲೆಗೆ ಆಗುತ್ತೆ’ ಎಂದು ಡಬ್ಬ ಸೇರುತ್ತದೆ. ಅಂಥ ಡಬ್ಬಗಳು ಈಗ ದೇವರ ಮನೆಯ ಬಾಗಿಲಿನವರೆಗೆ ಬಂದಿವೆ. ಕಾಗದವೇ ಸಿಗದ ಕಾಲದಲ್ಲೂ ಕಾರ್ಡು ಹುಟ್ಟಿದ್ದುಂಟು. ಯುನಿಸೆಫ್‌ನ ಮೊದಲ ಶುಭಾಶಯ ಪತ್ರ 1949ರದು. ಅದರ ಚಿತ್ರ ಬರೆದವಳು ಜೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ ಜಿಟ್ಕಾ. ಯುದ್ಧ ಮುಗಿದ ಹೊಸತು, ಕಾಗದ ಸಿಗದೆ ಗಾಜಿನ ಮೇಲೆ ಬರೆದಳಂತೆ. ಆ ಮಗು ಕಾರ್ಡಕ್ಕನ ಕಪಾಟು ನೋಡಿದ್ದರೆ ಮೂರ್ಛೆ ಹೋಗುತ್ತಿತ್ತು.

ಅಳತೆ ಮುಗಿದರೆ ಅಚ್ಚು. ಪಾರದರ್ಶಕ ಪಾಲಿಮರ್ ಸ್ಟ್ಯಾಂಪು ಒಂದು ಹೂವಿಗೆ ಒಂದೇ ಅಲ್ಲ, ಮೂರು. ಮೊದಲು ಇಡೀ ಹೂವಿಗೆ ತಿಳಿಗುಲಾಬಿ, ಅದರ ಮೇಲೆ ನೆರಳಿಗೆ ಗಾಢ ಗುಲಾಬಿ, ಕೊನೆಗೆ ದಳದ ನರಗಳಿಗೆ ಇನ್ನೂ ಗಾಢ. ಕೂದಲೆಳೆ ಆಚೀಚೆಯಾದರೂ ಹೂವು ಅಮಲೇರಿದಂತೆ ಕಾಣುತ್ತದೆ. ಅದಕ್ಕೆಂದೇ ಮುಚ್ಚಳ, ಕೀಲು, ಅಯಸ್ಕಾಂತಗಳಿರುವ ಇನ್ನೊಂದು ಸಾಧನ. ಬಣ್ಣ ಸರಿಯಾಗಿ ಬೀಳದಿದ್ದರೆ ಅದೇ ಜಾಗಕ್ಕೆ ಮತ್ತೆ ಒತ್ತಬಹುದು. ಆಮೇಲೆ ಹೂವಿನ ಅಂಚಿಗೆ ತಕ್ಕ ಲೋಹದ ಡೈ ಇಟ್ಟು, ಜರುಗದಂತೆ ಟೇಪು ಹಚ್ಚಿ, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಸೇರಿಸಿ, ಯಂತ್ರದ ಉರುಳೆಗಳ ಬಾಯಿಗೆ ಕೊಡಬೇಕು. ಹ್ಯಾಂಡಲ್ ತಿರುಗಿಸುವುದು ಯಜಮಾನರ ಕರ್ತವ್ಯ. ಹಲಗೆ ‘ಟಪ್’ ಎಂದಾಗಲೆಲ್ಲ ಒಡೆಯಿತೋ ಎಂದು ಅವರು ಕೈ ಬಿಡುತ್ತಾರೆ. ‘ಅದು ಹಾಗೇ ಶಬ್ದ ಮಾಡೋದು, ತಿರುಗಿಸಿ’ ಎಂದು ಇವರು ಗದರುತ್ತಾರೆ.

ಕತ್ತರಿಸಿದ ಹೂವನ್ನು ಮೆತ್ತನೆ ಹಾಸಿನ ಮೇಲಿಟ್ಟು ಗುಂಡುತುದಿಯ ಕಡ್ಡಿಯಿಂದ ತೀಡಿದರೆ ದಳ ಬಟ್ಟಲಾಗಿ ಏಳುತ್ತದೆ. ಅಡಿಗೆ ಫೋಮ್ ಟೇಪು ಅಂಟಿಸಿ ಕಾರ್ಡಿನ ಮೇಲೆ ಎತ್ತರಕ್ಕೆ ಕೂರಿಸಬೇಕು. ‘ಶುಭಾಶಯ’ ಎಂಬ ಅಕ್ಷರಕ್ಕೆ ಇನ್ನೊಂದು ಸಂಸ್ಕಾರ: ಅಂಟು ಶಾಯಿಯಲ್ಲಿ ಒತ್ತಿ, ಬಂಗಾರ ಬಣ್ಣದ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ನಿನ ಬಿಸಿಗಾಳಿ ಹಿಡಿದರೆ ಪುಡಿ ಕರಗಿ ಹೊಳೆಯುವ ಅಕ್ಷರವಾಗುತ್ತದೆ. ಆ ಒಂದು ಕ್ಷಣ ನಿಜಕ್ಕೂ ಚೆಂದ, ತಮಾಷೆ ಮಾಡುವವರೂ ಬಗ್ಗಿ ನೋಡುತ್ತಾರೆ. ಕಡೆಯಲ್ಲಿ ಮಿನುಗುವ ಬಿಲ್ಲೆಗಳು. ಮೂರು ಹಚ್ಚಬಹುದು, ಐದು ಹಚ್ಚಬಹುದು, ನಾಲ್ಕು ಕೂಡದು. ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಇಡುವ ಹಾಗೆ ಇದೂ ಒಂದು ಶಾಸ್ತ್ರ.

ಶಾಸ್ತ್ರದ ಫಲ ಮನೆಯವರಿಗೆಲ್ಲ ಸಿಗುತ್ತದೆ. ಸಾರಿನಲ್ಲಿ ಮಿನುಗು, ದಿಂಬಿನಲ್ಲಿ ಮಿನುಗು. ನವೆಂಬರಿನಲ್ಲಿ ಪಿಂಚಣಿಗಾಗಿ ಜೀವನ ಪ್ರಮಾಣ ಪತ್ರ ಕೊಡಲು ಹೋದ ಯಜಮಾನರ ಹೆಬ್ಬೆಟ್ಟನ್ನು ಯಂತ್ರ ಗುರುತಿಸಲೇ ಇಲ್ಲ. ಬೆರಳಿನ ಗೆರೆಗಳ ಮೇಲೆ ಅಂಟು ಒಣಗಿ ಕೂತಿತ್ತು. ಬದುಕಿರುವುದನ್ನು ಸಾಬೀತು ಮಾಡಲು ಅವರು ಸೀಮೆಎಣ್ಣೆ ಹುಡುಕಬೇಕಾಯಿತು.

‘ಖರ್ಚೇನೂ ಇಲ್ಲ ಕಣ್ರೀ, ಎಲ್ಲಾ ಮನೇಲೇ ಮಾಡಿದ್ದು’ ಎನ್ನುವುದು ಕಾರ್ಡಕ್ಕನ ಪಲ್ಲವಿ. ಜಪಾನಿನ ಕೋಪಿಕ್ ಮಾರ್ಕರುಗಳಲ್ಲಿ 358 ಬಣ್ಣಗಳಿವೆ ಎಂಬ ವಿಚಾರವನ್ನು ಯಜಮಾನರಿಂದ ಇನ್ನೂ ಮುಚ್ಚಿಡಲಾಗಿದೆ. ದಪ್ಪ ಕಾಗದಕ್ಕೆ ಮಾತ್ರ ಸುಲ್ತಾನ್‌ಪೇಟೆಗೆ ಇಬ್ಬರೂ ಹೋಗುತ್ತಾರೆ. ಅದು ಲಗ್ನಪತ್ರಿಕೆಯವರ ಬೀದಿ. ಗಣಪತಿಯ ಆಕಾರಕ್ಕೆ ಡೈ ಕೊರೆಯುವುದು ಅಲ್ಲಿ ಹೊಸತೇನಲ್ಲ. ‘300 ಜಿಎಸ್‌ಎಮ್ ಐವರಿ ಇದೆಯಾ?’ ಎಂದು ಇವರು ಗಟ್ಟಿಯಾಗಿ ಕೇಳಿದೊಡನೆ ಅಂಗಡಿಯವರು ಕುರ್ಚಿ ಹಾಕಿ, ಕಾಫಿ ತರಿಸಿ, ‘ಮದುವೆ ಯಾವಾಗಮ್ಮ, ಎಷ್ಟು ಸಾವಿರ ಪ್ರಿಂಟು?’ ಎನ್ನುತ್ತಾರೆ.

‘ಆರು ಹಾಳೆ ಕೊಡಿ.’

ಇಷ್ಟಕ್ಕೂ ಹೆನ್ರಿ ಕೋಲ್ ಎಂಬ ಲಂಡನ್ನಿನ ಮಹಾಶಯ 1843ರಲ್ಲಿ ಮೊದಲ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದ್ದು, ಎಲ್ಲರಿಗೂ ಕೂತು ಕಾಗದ ಬರೆಯಲು ಪುರುಸೊತ್ತಿಲ್ಲವೆಂದು. ಗೆಳೆಯ ಹಾರ್ಸ್‌ಲಿಯಿಂದ ಚಿತ್ರ ಬರೆಸಿದ. ಒಂದು ಸಾವಿರ ಪ್ರತಿ, ಒಂದಕ್ಕೆ ಒಂದು ಶಿಲಿಂಗ್. ಸಮಯ ಉಳಿಸಲು ಹುಟ್ಟಿದ ವಸ್ತುವಿಗೆ ಇಡೀ ಭಾನುವಾರ ತೆರುವ ಕಾರ್ಡಕ್ಕನನ್ನು ಕಂಡರೆ ಅವನು ಏನೆನ್ನುತ್ತಿದ್ದನೋ. ಅವರ ನಿಜವಾದ ಕುಲದೇವತೆ ಬೇರೆ: ಅಮೆರಿಕದ ವೂಸ್ಟರ್ ಊರಿನ ಎಸ್ತರ್ ಹೌಲೆಂಡ್. 1840ರ ದಶಕದ ಕೊನೆಗೆ ಆಕೆ ಕಾಗದದ ಲೇಸು, ಹೂವುಗಳನ್ನು ಪದರ ಪದರವಾಗಿ ಅಂಟಿಸಿ ವ್ಯಾಲೆಂಟೈನ್ ಕಾರ್ಡು ಮಾಡಿದಳು. ಬೇಡಿಕೆ ಹೆಚ್ಚಿ, ಗೆಳತಿಯರನ್ನು ಸಾಲಾಗಿ ಕೂರಿಸಿ ಮಾಡಿಸುವಷ್ಟು ವ್ಯಾಪಾರ ಬೆಳೆಯಿತು. ಎಲ್ಲೋ ಇದನ್ನೋದಿದ ಯಜಮಾನರು ‘ನೀನೂ ಮಾರಬಹುದಲ್ಲ’ ಎಂದರು. ಆ ದಿನ ರಾತ್ರಿ ಅವರಿಗೆ ಬೆಳಗಿನ ಉಪ್ಪಿಟ್ಟೇ ಗತಿಯಾಯಿತು.

ಇಷ್ಟು ಮಾಡಿದ ಹೂವಾದರೂ ಯಾವುದು? ಪಿಯೊನಿ. ಉದ್ದನೆಯ ಕಡುಚಳಿ ಬೇಕಾದ ಗಿಡ ಅದು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಯಾವ ಲೆಕ್ಕ? ಮೈಸೂರು, ಉಡುಪಿ, ಹಡಗಲಿಯ ಮೂರು ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ಕಾರ್ಡಕ್ಕನ ಪೆಟ್ಟಿಗೆಯಲ್ಲಿ ಜಾಗ ಸಿಕ್ಕಿಲ್ಲ. ಕನಕಾಂಬರಕ್ಕೂ ಇಲ್ಲ. ವರಮಹಾಲಕ್ಷ್ಮಿಗೆ ಕೊಟ್ಟ ಪಿಯೊನಿ ಕಾರ್ಡನ್ನು ಎದುರುಮನೆ ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘ಎಲೆಕೋಸು ಚೆನ್ನಾಗಿ ಬಂದಿದೆ’ ಎಂದರು.

ಕಾರ್ಡು ಬಂದವರ ಕಷ್ಟ ಕೇಳುವವರಿಲ್ಲ. ಆರ್ಚೀಸ್ ಕಾಲದಲ್ಲಿ ಹೊಸ ವರ್ಷದ ಕಾರ್ಡುಗಳನ್ನು ಗೋಡೆಗೆ ದಾರ ಕಟ್ಟಿ ನೇತುಹಾಕಿ, ಯುಗಾದಿಯ ಸುಣ್ಣ ಬಳಿಯುವಾಗ ನಿಶ್ಚಿಂತೆಯಿಂದ ತೆಗೆಯುತ್ತಿದ್ದೆವು. ಇದನ್ನು ತೆಗೆಯುವಂತಿಲ್ಲ, ಕಾರ್ಡಕ್ಕ ಮನೆಗೆ ಬಂದರೆ ಮೊದಲು ಕಣ್ಣಾಡಿಸುವುದೇ ಶೋಕೇಸಿನ ಮೇಲೆ. ಕಾರ್ಡಿನ ಬೆನ್ನಿಗೆ ‘ಕೈಯಾರೆ ಮಾಡಿದ್ದು’ ಎಂಬ ಮುದ್ರೆ ಇರುತ್ತದೆ. ಒಳಪುಟ ಮಾತ್ರ ಖಾಲಿ. ಕೈಬರಹ ಕೆಟ್ಟದ್ದು, ಬರೆದರೆ ಕಾರ್ಡು ಹಾಳಾಗುತ್ತದೆಂದು ಅವರು ಏನನ್ನೂ ಬರೆಯುವುದಿಲ್ಲ.

ಅಂಚೆ ಕಚೇರಿಯವರಿಗೆ ಅವರನ್ನು ದೂರದಿಂದಲೇ ಗೊತ್ತು. ಹಿಂದೆ ಶುಭಾಶಯ ಪತ್ರವೆಂದರೆ ಲಕೋಟೆಯ ಬಾಯಿ ಅಂಟಿಸದೆ ‘ಬುಕ್ ಪೋಸ್ಟ್’ ಎಂದು ಬರೆದು ಕಡಿಮೆ ದರದಲ್ಲಿ ತಳ್ಳುತ್ತಿದ್ದರು. ಕಾರ್ಡಕ್ಕನ ಲಕೋಟೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ತಕ್ಕಡಿಯಲ್ಲಿ 20 ಗ್ರಾಂ ಗೆರೆ ಯಾವಾಗಲೋ ದಾಟಿರುತ್ತದೆ. ಅಮೆರಿಕದಲ್ಲಿ ಅಂಚೆ ವಿಂಗಡಿಸುವ ಯಂತ್ರದೊಳಗೆ ಸಲೀಸಾಗಿ ನುಗ್ಗದ ಇಂಥ ಕಾರ್ಡುಗಳಿಗಾಗಿಯೇ 2010ರಿಂದ ಚಿಟ್ಟೆಯ ಅಂಚೆಚೀಟಿ ಹೊರಡಿಸಿದ್ದಾರೆಂದು ಮಗಳು ಹೇಳಿದ್ದಳು; ಮೊದಲನೆಯದು ಮೊನಾರ್ಕ್ ಚಿಟ್ಟೆ. ‘ನಮ್ಮಲ್ಲಿ ಚಿಟ್ಟೆ ಇಲ್ವಾ?’ ಎಂದು ಇವರು ಕಿಟಕಿಯಲ್ಲಿ ವಿಚಾರಿಸುತ್ತಾರೆ.

‘ಗಾಂಧಿ ಇದ್ದಾರೆ, ಕೊಡ್ಲಾ?’

ಚೀಟಿ ಅಂಟಿತು. ‘ಹೂವಿನ ಮೇಲೆ ಬೀಳದ ಹಾಗೆ ಮೆತ್ತಗೆ ಹೊಡೀರಿ’ ಎಂದು ಮುಗಿಸುವುದರೊಳಗೆ ಗುಮಾಸ್ತರು ಸೀಲನ್ನು ಧಡ್ಡೆಂದು ಬಡಿದೇಬಿಟ್ಟರು. ಕಾರ್ಡಕ್ಕ ನೊಂದುಕೊಳ್ಳಲಿಲ್ಲ. ಕಿಟಕಿಯೊಳಕ್ಕೆ ಕತ್ತು ಚಾಚಿ ಮುದ್ರೆಯನ್ನು ಪರೀಕ್ಷಿಸಿದರು: ತಾರೀಖು ಮಸಕು, ವೃತ್ತ ಅರ್ಧ. ‘ನಿಮ್ಮ ಪ್ಯಾಡು ಒಣಗಿದೆ ಸಾರ್. ಡೈ ಇಂಕ್ ಇದು, ನೀವು ಪಿಗ್ಮೆಂಟ್ ಇಂಕಿಗೆ ಬದಲಾಯಿಸಬೇಕು’ ಎನ್ನುತ್ತ ಕೈಚೀಲದಿಂದ ಪುಟ್ಟ ಶಾಯಿ ಬಾಟಲಿಯೊಂದನ್ನು ತೆಗೆದು ಮುಚ್ಚಳ ತಿರುಗಿಸತೊಡಗಿದರು. ಹಿಂದೆ ಸಾಲು ಬಾಗಿಲು ದಾಟಿತ್ತು; ಯಾರೋ ಊಟದ ವಿರಾಮ ಎಷ್ಟು ಗಂಟೆಗೆಂದು ಕೂಗಿ ಕೇಳಿದರು.