ಡ್ಯಾಶ್‌ಬೋರ್ಡ್ ಪುನರ್ಜನ್ಮ ಮೀಮಾಂಸೆ

ಯಾವ ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಅನುಬಂಧ ಚತುಷ್ಟಯ ಬೇಕಷ್ಟೆ. ಇಲ್ಲಿ ವಿಷಯ, ಡ್ಯಾಶ್‌ಬೋರ್ಡಿನಲ್ಲಿ ಎಳೆದಿಟ್ಟ ವಿಜೆಟ್ಟು. ಪ್ರಯೋಜನ, ಇಟ್ಟದ್ದು ಇಟ್ಟಲ್ಲೇ ಸಿಗುವುದು. ಅಧಿಕಾರಿ, ಪೇಜು ರಿಫ್ರೆಶ್ ಆದಾಗ ಒಮ್ಮೆಯಾದರೂ ಹಣೆ ಚಚ್ಚಿಕೊಂಡವನು. ಸಂಬಂಧವನ್ನು ಬಳಕೆದಾರನಿಗೂ ಡೆವಲಪರನಿಗೂ ಮಧ್ಯೆ ಹುಡುಕಿ ನೋಡಿದೆವು, ಸಿಗಲಿಲ್ಲ.

ರಿಫ್ರೆಶ್ ಎಂದರೆ ಪ್ರಳಯ. ಮೌಸಿನಿಂದ ಎಳೆದು ಜೋಡಿಸಿದ್ದೆಲ್ಲ ಬ್ರೌಸರಿನ ಮೆಮರಿಯಲ್ಲಿ ಮಾತ್ರ ಇರುತ್ತದೆ. ಎಫ್‌5 ಒತ್ತಿದೊಡನೆ ಆ ದೇಹ ಬಿದ್ದು, ಮೂಲ ಎಚ್‌ಟಿಎಂಎಲ್‌ನಿಂದ ಹೊಸದೊಂದು ಹುಟ್ಟುತ್ತದೆ. ಮೇಲೇರಿಸಿದ್ದ ಮಾರಾಟದ ಗ್ರಾಫು ಕೆಳಗೆ; ಮೂಲೆಗೆ ತಳ್ಳಿದ್ದ ಹವಾಮಾನ ನೆತ್ತಿಯ ಮೇಲೆ.

ಇಲ್ಲಿ ಚಾರ್ವಾಕರ ವಾದ: ಈ ಬ್ರೌಸರೇ ಲೋಕ, ಇದರಾಚೆ ಏನಿಲ್ಲ, ಲೋಕಲ್‌ಸ್ಟೋರೇಜ್‌ನಲ್ಲಿ ಬರೆದಿಟ್ಟರೆ ಸಾಕು. ಸುಮಾರು 5 ಎಂಬಿ ಜಾಗ, ವಿಜೆಟ್ಟುಗಳ ಜಾತಕಕ್ಕೆ ಧಾರಾಳ. ಆದರೆ ಅದು ಸ್ಟ್ರಿಂಗ್ ಬಿಟ್ಟು ಬೇರೇನನ್ನೂ ಮುಟ್ಟದ ಮಡಿವಂತ. ಜೇಸನ್ ಸ್ಟ್ರಿಂಗಿಫೈ ಎಂಬ ಸಂಸ್ಕಾರ ಮಾಡಿಸಿಯೇ ಒಳಗೆ ಬಿಡಬೇಕು. ಮರೆತವರಿಗೆ ಮರುಜನ್ಮದಲ್ಲಿ ಸಿಗುವುದು ‘ಆಬ್ಜೆಕ್ಟ್ ಆಬ್ಜೆಕ್ಟ್’ ಎಂಬ ಬೀಜಮಂತ್ರ ಮಾತ್ರ. ಮೇಲಾಗಿ 2020ರಿಂದ ಸಫಾರಿಯಲ್ಲಿ, ಬ್ರೌಸರ್ ಬಳಸುತ್ತಿದ್ದೂ 7 ದಿನ ಆ ತಾಣದತ್ತ ತಲೆ ಹಾಕದಿದ್ದರೆ ಸ್ಕ್ರಿಪ್ಟು ಬರೆದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ಪರಲೋಕವಾದಿಗಳಿಗೆ ಸರ್ವರೇ ಗತಿ. ಅಲ್ಲಿ ಚಿತ್ರಗುಪ್ತನ ಡೇಟಾಬೇಸಿದೆ; ಆಫೀಸಿನ ಕಂಪ್ಯೂಟರಿನಲ್ಲಿ ಮಾಡಿದ ಕರ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಫಲಿಸುತ್ತದೆ. ಪಿಕ್ಸೆಲಿಗೊಂದು ಚೀಟಿ ಕಳಿಸಿದರೆ ಮಾತ್ರ ಆತ ರಾಜೀನಾಮೆ ಕೊಟ್ಟಾನು. ಬಳಕೆದಾರ ವಿಜೆಟ್ಟನ್ನು ಕೈಬಿಟ್ಟ ಮೇಲೆ, ತುಸು ತಡೆದು, ಒಂದೇ ಸಲ ಕಳಿಸುವುದು ಶಿಷ್ಟಾಚಾರ.

ಎಲ್ಲಿ ಬರೆಯಬೇಕೆಂಬ ಜಗಳಕ್ಕಿಂತ ಏನು ಬರೆಯಬೇಕೆಂಬುದು ದೊಡ್ಡದು. ಒಂದು ಪಂಥ ‘ಮೊದಲನೆಯದು ಇಲ್ಲಿ, ಎರಡನೆಯದು ಅಲ್ಲಿ’ ಎಂದು ಸಾಲಿನ ಸಂಖ್ಯೆ ಗೀಚುತ್ತದೆ. ಮುಂದಿನ ಅಪ್‌ಡೇಟಿನಲ್ಲಿ ಯಾರೂ ಕೇಳದ ‘ಹೊಸತೇನಿದೆ?’ ಎಂಬ ವಿಜೆಟ್ಟು ಸಾಲಿನ ತಲೆಗೆ ಬಂದು ಕೂರುತ್ತದೆ. ಅಲ್ಲಿಗೆ ಮಾರಾಟದ ಜಾಗದಲ್ಲಿ ಹವಾಮಾನ, ಪರಕಾಯಪ್ರವೇಶ ಸಾಂಗ. ಆದ್ದರಿಂದ ಸಿದ್ಧಾಂತವೇನೆಂದರೆ, ಪ್ರತಿ ವಿಜೆಟ್ಟಿಗೂ ಎಂದೂ ಬದಲಾಗದ ಐಡಿಯೊಂದರ ನಾಮಕರಣವಾಗಬೇಕು. ಅದರ ಜೊತೆಗೆ ಎಕ್ಸ್, ವೈ, ಅಗಲ, ಎತ್ತರ. ಗ್ರಿಡ್‌ಸ್ಟ್ಯಾಕ್ ಎಂಬ ಲೈಬ್ರರಿಯ ಸಂಪ್ರದಾಯದವರೂ ಹೀಗೇ ಬರೆದಿಡುತ್ತಾರೆ. ಓದುವಾಗ, ಅಷ್ಟರಲ್ಲಿ ಮುಕ್ತಿ ಪಡೆದ ವಿಜೆಟ್ಟನ್ನು ಕೂಗಿ ಕರೆಯಬಾರದು. ಹೊಸದಾಗಿ ಹುಟ್ಟಿದ್ದನ್ನು ಪಂಕ್ತಿಯ ಕೊನೆಗೆ ಕೂರಿಸಬೇಕು. ಜಾತಕವೇ ಸಿಗದಿದ್ದರೆ ಮೂಲ ವಿನ್ಯಾಸ ಇದ್ದೇ ಇದೆ, ಖಾಲಿ ಪರದೆ ತೋರಿಸಿ ವೈರಾಗ್ಯ ಬೋಧಿಸುವ ಅಗತ್ಯವಿಲ್ಲ.

ಚಿತ್ರಗುಪ್ತನೇ ಅಂಗಡಿ ಮುಚ್ಚಿದರೆ? 2005ರಲ್ಲಿ ಬಂದ ಐಗೂಗಲ್ ಎಂಬ ಗೂಗಲ್‌ನ ಮುಖಪುಟದಲ್ಲಿ ಜನ ಗ್ಯಾಜೆಟ್ಟುಗಳನ್ನು ಎಳೆದಾಡಿ ಮನಸಾರೆ ಜೋಡಿಸಿಕೊಂಡಿದ್ದರು. 2012ರಲ್ಲಿ ನೋಟಿಸು ಬಂತು, 2013ರ ನವೆಂಬರ್ 1ಕ್ಕೆ ಬಾಗಿಲು. ಇದು ಮಹಾಪ್ರಳಯ, ನಮ್ಮ ಶಾಸ್ತ್ರದ ವ್ಯಾಪ್ತಿಗೆ ಹೊರಗು.

ವ್ಯಾಪ್ತಿಯೊಳಗಿನ ಒಂದು ವಿಧಿವಾಕ್ಯ ಮಾತ್ರ ಉಳಿದಿದೆ. ಡೆವಲಪರ್ ಮಹಾಶಯರೇ, ‘ರಿಸೆಟ್’ ಬಟನ್ನನ್ನು ‘ಸೇವ್’ ಪಕ್ಕದಲ್ಲಿ, ಅದೇ ಬಣ್ಣದಲ್ಲಿ ಇಡಬೇಡಿ.