ನಾಳೆ ಬಾ ಡಾಟ್ ಎಪಿಕೆ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಒಂದು ದೆವ್ವ ಓಡಾಡುತ್ತಿತ್ತು. ರಾತ್ರಿ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ತೆರೆದವರ ಕಥೆ ಅಲ್ಲಿಗೆ ಮುಗಿಯಿತು ಎಂದು ಸುದ್ದಿ. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟರು. ದೆವ್ವಕ್ಕೆ ಅಕ್ಷರ ಬರುತ್ತಿತ್ತು. ಓದಿಕೊಂಡು ಮರ್ಯಾದೆಯಿಂದ ವಾಪಸು ಹೋಗುತ್ತಿತ್ತು. ಈಗಿನ ದೆವ್ವವೂ ಅಕ್ಷರಸ್ಥವೇ. ಓದು ಬಾರದಿರುವುದು ನಮಗೆ.

ಹೋದ ತಿಂಗಳು ನಮ್ಮ ಚಿಕ್ಕಪ್ಪನಿಗೆ ವಾಟ್ಸ್ಆ್ಯಪಿನಲ್ಲಿ ಒಂದು ಲಗ್ನಪತ್ರಿಕೆ ಬಂತು. ಕಳಿಸಿದ ನಂಬರು ಷಡ್ಡಕನದು. ‘ಮದುವೆಗೆ ತಪ್ಪದೆ ಬನ್ನಿ’ ಎಂಬ ಒಕ್ಕಣೆ, ಕೆಳಗೆ ‘ವೆಡ್ಡಿಂಗ್ ಕಾರ್ಡ್ ಡಾಟ್ ಎಪಿಕೆ’. ಷಡ್ಡಕನ ಇಬ್ಬರು ಮಕ್ಕಳಿಗೂ ಮದುವೆಯಾಗಿ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅನುಮಾನ ಬರಬೇಕಿತ್ತು, ಚಿಕ್ಕಪ್ಪನಿಗೆ ಬಂದದ್ದು ಕುತೂಹಲ. ಹಾಗಾದರೆ ಯಾರ ಮದುವೆ?

ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಡತ. ಚಿತ್ರವಾದರೆ ನೋಡಿ ಬಿಡಬಹುದು, ಪಿಡಿಎಫ್ ಆದರೆ ಓದಿ ಬಿಡಬಹುದು. ಇದು ಒಳಗೆ ಬಂದು ಬಿಡಾರ ಹೂಡುವ ಜಾತಿ. ಫೋನು, ಪಾಪ, ಕೈಲಾದಷ್ಟು ಬಡಿದುಕೊಂಡಿತು. ಗೊತ್ತಿಲ್ಲದ ಕಡೆಯಿಂದ ಬಂದ ಆ್ಯಪು, ಹಾಕಲಾ? ಹಾಕು. ಇದು ಅಪಾಯಕಾರಿ, ಆದರೂ ಹಾಕಲಾ? ಹಾಕು ಅಂದೆನಲ್ಲ. ನಿಮ್ಮ ಮೆಸೇಜುಗಳನ್ನು ಓದಲಿಕ್ಕೆ ಬಿಡಲಾ? ಬಿಡು. ನಂಬರುಗಳನ್ನು? ಅದನ್ನೂ ಬಿಡು.

ಕೊರಿಯರ್ ಹುಡುಗನನ್ನು ಗೇಟಿನಾಚೆ ಬಿಸಿಲಲ್ಲಿ ನಿಲ್ಲಿಸಿ ‘ಯಾವೂರಪ್ಪಾ, ಯಾರ ಪೈಕಿ’ ಎಂದು ಮೂರು ತಲೆಮಾರು ವಿಚಾರಿಸುವ ಚಿಕ್ಕಪ್ಪ ಇವರೇ. ಯಾವ ಲಗ್ನಪತ್ರಿಕೆ ನಮ್ಮ ಮೆಸೇಜು ಓದಲು ಅಪ್ಪಣೆ ಕೇಳುತ್ತದೆ ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಕೊನೆಯಲ್ಲಿ ಅದು ‘ಆ್ಯಕ್ಸೆಸಿಬಿಲಿಟಿ’ ಕೇಳಿತು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಕೆಲಸಕ್ಕೆಂದು ಮಾಡಿದ ಪುಣ್ಯದ ಸೌಲಭ್ಯ ಅದು. ಕಳ್ಳನ ಕೈಗೆ ಸಿಕ್ಕರೆ ಪರದೆಯ ಮೇಲಿನದನ್ನೆಲ್ಲ ಓದುತ್ತಾನೆ, ನಮ್ಮ ಬದಲಿಗೆ ಗುಂಡಿಯನ್ನೂ ತಾನೇ ಒತ್ತುತ್ತಾನೆ. 2022ರ ಆಂಡ್ರಾಯ್ಡ್ 13ರಲ್ಲಿ ಗೂಗಲ್, ಹೀಗೆ ಹೊರಗಿನಿಂದ ಬಂದ ಆ್ಯಪುಗಳಿಗೆ ಈ ಸೌಲಭ್ಯ ಸಲೀಸಾಗಿ ದಕ್ಕದಂತೆ ಅಡ್ಡಗಟ್ಟೆ ಹಾಕಿತು. ಆದರೆ ಅಪ್‌ಡೇಟ್ ಬಂದಾಗಲೆಲ್ಲ ಚಿಕ್ಕಪ್ಪ ‘ನಾಳೆ’ ಎಂದು ಒತ್ತಿ ಕಳಿಸಿದ್ದರು. ದೆವ್ವಕ್ಕೆ ಹೇಳಬೇಕಾದ ಮಾತನ್ನು ವೈದ್ಯನಿಗೆ ಹೇಳಿದ್ದರು.

ಕಾರ್ಡು ತೆರೆಯಲಿಲ್ಲ. ಆ್ಯಪಿನ ಚಿಹ್ನೆಯೂ ಪರದೆಯಿಂದ ಮಾಯ. ಬ್ಯಾಂಕಿನ ಓಟಿಪಿಗಳು ಇನ್ನೆಲ್ಲಿಗೋ ಹೋಗತೊಡಗಿದವು. ಅರ್ಧ ಗಂಟೆಯಲ್ಲಿ ಫೋನಿನಲ್ಲಿದ್ದ ಅಷ್ಟೂ ನೆಂಟರಿಗೆ ಚಿಕ್ಕಪ್ಪನ ಹೆಸರಿನಲ್ಲೇ ಅದೇ ಲಗ್ನಪತ್ರಿಕೆ ತಲುಪಿತು. ಎಪ್ಪತ್ತೆರಡರ ಗಂಡಸು ತನ್ನ ಮದುವೆಗೆ ಊರೆಲ್ಲ ಕರೆಯುತ್ತಿದ್ದಾನೆಂದು ಚಿಕ್ಕಮ್ಮನಿಗೆ ಮೊದಲ ಫೋನು ಬಂದದ್ದು ತವರಿನಿಂದ.

ಕೇಳದೆ ನುಗ್ಗುವ ಬೇಹು ತಂತ್ರಾಂಶ ಪೆಗಾಸಸ್‌ನಂಥದ್ದು ಪತ್ರಕರ್ತರು, ರಾಜಕಾರಣಿಗಳ ಯೋಗ್ಯತೆಗೆ. ನಮ್ಮಂಥವರಿಗೆ ಅಷ್ಟು ದುಡ್ಡು ಯಾರು ಸುರಿಯುತ್ತಾರೆ? ನಾವೇ ಆರತಿ ಎತ್ತಿ ಒಳಗೆ ಕರೆದುಕೊಳ್ಳಬೇಕು. 2004ರಲ್ಲಿ ಸಿಂಬಿಯನ್ ಫೋನುಗಳಿಗೆ ಬ್ಲೂಟೂತ್ ಹಿಡಿದು ಬಂದ ‘ಕ್ಯಾಬಿರ್’, ಈ ವಂಶದ ಮೂಲಪುರುಷ, ಅದೂ ಕೇಳಿಯೇ ಒಳಗೆ ಬರುತ್ತಿತ್ತು. ಬೇಡವೆಂದರೆ ಮತ್ತೆ ಕೇಳುತ್ತಿತ್ತು, ಚಂದಾ ಎತ್ತುವವರ ಹಾಗೆ.

ಫೋನು ನನ್ನ ಕೈಗೆ ಬಂದಾಗ ಹದಿನೆಂಟು ಸಾವಿರ ಹೋಗಿತ್ತು. ನೆಟ್ ಕಿತ್ತು, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಹೇಳಿ, ಸೇಫ್ ಮೋಡಿಗೆ ಹಾಕಿದೆ. ಅಂದರೆ ಫೋನಿಗೆ ಮಡಿ ಉಡಿಸಿದಂತೆ; ಆಮೇಲೆ ಹಾಕಿಕೊಂಡ ಯಾವ ಆ್ಯಪೂ ಮುಟ್ಟುವಂತಿಲ್ಲ. ಪಟ್ಟಿಯಲ್ಲಿ ಕಳ್ಳ ಸಿಕ್ಕ, ‘ಅನ್‌ಇನ್‌ಸ್ಟಾಲ್’ ಮಾತ್ರ ಒತ್ತಲಾಗುತ್ತಿಲ್ಲ. ನೋಡಿದರೆ ಮಹಾಶಯ ‘ಡಿವೈಸ್ ಅಡ್ಮಿನ್’ ಪದವಿಯಲ್ಲಿದ್ದಾನೆ. ನಮ್ಮ ಸಹಕಾರ ಸಂಘದ ಅಧ್ಯಕ್ಷರ ಹಾಗೆ, ಮೊದಲು ಕುರ್ಚಿಯಿಂದ ಇಳಿಸಬೇಕು, ಆಮೇಲೆ ಸಂಘದಿಂದ ತೆಗೆಯಬೇಕು. ಎರಡೂ ಆಯಿತು. ಮನಸ್ಸು ತಡೆಯದೆ ಫ್ಯಾಕ್ಟರಿ ರೀಸೆಟ್ಟನ್ನೂ ಮಾಡಿ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ನಾಲ್ಕು ವರ್ಷದ ಗುಡ್ ಮಾರ್ನಿಂಗ್ ಚಿತ್ರಗಳು ಹೋದವು ಎಂದು ಚಿಕ್ಕಪ್ಪ ಎರಡು ಹೊತ್ತು ಊಟ ಬಿಟ್ಟರು. ಹದಿನೆಂಟು ಸಾವಿರಕ್ಕೆ ಬಿಟ್ಟದ್ದು ಒಂದೇ ಹೊತ್ತು.

‘ಒಂದು ಒಳ್ಳೇ ಆ್ಯಂಟಿವೈರಸ್ ಹಾಕಿಬಿಡೋ’ ಎಂದರು. ಇದೊಂದು ದೊಡ್ಡ ಜಾತ್ರೆ. 2014ರಲ್ಲಿ ಪ್ಲೇ ಸ್ಟೋರಿನಲ್ಲಿ ‘ವೈರಸ್ ಶೀಲ್ಡ್’ ಎಂಬುದನ್ನು 3.99 ಡಾಲರು ಕೊಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕೊಂಡರು. ಅದು ಮಾಡುತ್ತಿದ್ದ ಏಕೈಕ ಕೆಲಸ: ಒತ್ತಿದರೆ ಗುರಾಣಿಯ ಮೇಲಿನ ತಪ್ಪು ಗುರುತು ಅಳಿಸಿ ಸರಿ ಗುರುತು ಹಾಕುವುದು. ತಪಾಸಣೆ ಮಾಡದೆ ಸಹಿ ಹಾಕುವ ಇನ್ಸ್‌ಪೆಕ್ಟರುಗಳನ್ನು ಸಾಕಿದ ನಮಗೆ ಇದೇನು ಹೊಸದಲ್ಲ. 2019ರಲ್ಲಿ ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ 250 ಇಂಥ ಆ್ಯಪುಗಳನ್ನು ಪರೀಕ್ಷೆಗೆ ಕೂರಿಸಿತು. ನೂರಕ್ಕೆ ಮೂವತ್ತರಷ್ಟಾದರೂ ಕಳ್ಳರನ್ನು ಹಿಡಿದವು 80 ಮಾತ್ರ. ಇನ್ನು ಕೆಲವು ತಮ್ಮನ್ನೇ ಕಳ್ಳರೆಂದು ಹಿಡಿದುಕೊಟ್ಟವು. ಸಾರ್ವಜನಿಕ ಬದುಕಿನಲ್ಲಿ ಇಷ್ಟು ಪ್ರಾಮಾಣಿಕತೆ ನಾನು ಬೇರೆಲ್ಲೂ ಕಂಡಿಲ್ಲ. ಇತ್ತ ಕೇಂದ್ರ ಸರ್ಕಾರ 2017ರಲ್ಲೇ ಸೈಬರ್ ಸ್ವಚ್ಛತಾ ಕೇಂದ್ರ ತೆರೆದು ಬಿಟ್ಟಿಯಾಗಿ ಗುಡಿಸುವ ಸಾಮಾನು ಕೊಡುತ್ತಿದೆ. ಬಿಟ್ಟಿ ಎಂದ ಮೇಲೆ ಚಿಕ್ಕಪ್ಪನಿಗೆ ನಂಬಿಕೆ ಬರಲಿಲ್ಲ.

ಕೊನೆಗೆ ನಾನು ಒಂದು ಚೀಟಿಯಲ್ಲಿ ‘ನಾಳೆ ಬಾ’ ಎಂದು ಬರೆದು ಫೋನಿನ ಬೆನ್ನಿಗೆ ಅಂಟಿಸಿದೆ. ಯಾರು ಏನು ಕಳಿಸಿದರೂ ಇವತ್ತು ಒತ್ತಬೇಡಿ, ಕಳಿಸಿದವರಿಗೆ ಫೋನು ಮಾಡಿ ಕೇಳಿ, ನಾಳೆ ನೋಡೋಣ ಎಂದೆ. ತಲೆಯಾಡಿಸಿದರು.

ಮೊನ್ನೆ ಸೋದರಮಾವ ಮಗಳ ಮದುವೆಗೆ ಕರೆಯಲು ಅಚ್ಚು ಹಾಕಿಸಿದ ಲಗ್ನಪತ್ರಿಕೆ, ಅಕ್ಷತೆ, ಕುಂಕುಮದ ಬಟ್ಟಲು ಹಿಡಿದು, ಹೆಂಡತಿಯ ಸಮೇತ ಚಿಕ್ಕಪ್ಪನ ಮನೆಗೆ ಹೋದರು. ಬಾಗಿಲು ಬಡಿದು, ಹೆಸರು ಹಿಡಿದು ಕೂಗಿದರು, ಮದುವೆ ಕರೆಯೋಕೆ ಬಂದಿದ್ದೀವಿ ಎಂದರು. ಒಳಗೆ ಕೊಂಚ ಹೊತ್ತು ಸದ್ದಿಲ್ಲ. ಆಮೇಲೆ ಕಿಟಕಿಯ ಸಂದಿಯಿಂದ ಚಿಕ್ಕಪ್ಪನ ದನಿ ಬಂತಂತೆ: ‘ನಾಳೆ ಬನ್ನಿ.’