ಮೋಟಾರಿಗೆ ಬಾರದ ಮುಖಭಾವ

ಮನುಷ್ಯರಂಥ ರೋಬೋಟಿಗೆ ಮುಖಭಾವ ಕಲಿಸಾಕತ್ತಾರಂತ್ರಿ. ಹುಬ್ಬಿಗೊಂದು ಮೋಟಾರು, ತುಟಿಗೊಂದು ಮೋಟಾರು. ಕಲಿಸಲಿ, ಬ್ಯಾಡ ಅಂದವರಾರು? ಒಂದು ಸಲ ಹೊಸಪೇಟೆ ಬಸ್ ನಿಲ್ದಾಣಕ್ಕೂ ಕರಕೊಂಡು ಬರಲಿ. “ಕಂಪ್ಲಿ ಬಸ್ ಹೋತೇನಣ್ಣ?” ಅಂದರೆ ನಮ್ಮವರು ಬಾಯಿ ತೆರೆಯುವುದಿಲ್ಲ, ಒಳಗೆ ಎಲೆ-ಅಡಿಕೆ ಇರುತ್ತದೆ. ಗದ್ದ ಒಂಚೂರು ಎತ್ತಿದರೆ ‘ಅಗೋ, ಅಲ್ಲಿ ನಿಂತೈತಿ’. ‘ಚ್’ ಅಂದರೆ ‘ಹೋಗಿ ಹೊತ್ತಾತು’. ಕತ್ತು ಅತ್ತಿತ್ತ ಆಡಿಸಿದರೆ ಹೌದೂ ಇರಬಹುದು, ಅಲ್ಲವೂ ಇರಬಹುದು, ‘ನನ್ನನ್ಯಾಕೆ ಕೇಳ್ತಿ’ ಅಂತಲೂ ಇರಬಹುದು. ಯಾವ ಮೋಟಾರು ತಾಳೀತು ಹೇಳ್ರಿ.

ಇಸ್ರೋದವರು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ರೋಬೋಟು ವ್ಯೋಮಮಿತ್ರಳಿಗೆ ಮುಖವುಂಟು, ಕೈಯುಂಟು, ಕಾಲಿಲ್ಲ. ಗಗನಯಾನಕ್ಕೆ ಹೊರಟವಳಿಗೆ ಕಾಲು ಯಾಕೆ, ಬಿಡಿ. ಮುಖದ್ದೇ ಪೇಚು. ಅದು ಮನುಷ್ಯರನ್ನು ಹೋಲುತ್ತ ಹೋದಂತೆ ಒಂದು ಹಂತದಲ್ಲಿ ಇಷ್ಟವಾಗುವ ಬದಲು ಮೈ ಜುಮ್ಮೆನ್ನುತ್ತದೆ ಎಂದು ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು. 2014ರಲ್ಲಿ ಬಂದ ‘ಪೆಪ್ಪರ್’ ರೋಬೋಟಿನ ಮುಖ ಕದಲುವುದೇ ಇಲ್ಲ. ಕೈ ಆಡಿಸುತ್ತದೆ, ತಲೆ ವಾಲಿಸುತ್ತದೆ, ಅಷ್ಟೇ.

ಇದೇನು ಹೊಸ ವಿದ್ಯೆಯೇ? ನಮ್ಮ ಸೀಮೆಯ ತೊಗಲುಗೊಂಬೆಯ ಕಣ್ಣು ಕೊರೆದದ್ದು ಕೊರೆದ ಹಾಗೇ ಇರುತ್ತದೆ. ಆದರೂ ಪರದೆಯ ಮೇಲೆ ನಗಿಸುವ ಗೊಂಬೆ ಕಿಳ್ಳೇಕ್ಯಾತ ಬಂದು ತನ್ನ ಜೋಡಿ ಬಂಗಾರಕ್ಕನ ಮುಂದೆ ಸೊಂಟ ಕುಣಿಸಿದರೆ ಅಜ್ಜಿಯರೂ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ನಗು ಇರುವುದು ಆಡಿಸುವವರ ಮಣಿಕಟ್ಟಿನಲ್ಲಿ, ಮಾತಿನ ನಡುವೆ ಅವರು ತಡೆಯುವ ಆ ಒಂದು ಗಳಿಗೆಯಲ್ಲಿ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ತೊಗಲಲ್ಲಿ ನಡೆಸಿದವರು, ಬ್ಯಾಟರಿ ಇಲ್ಲದೆ!

ಹಂಪಿಯಲ್ಲಿ 1528ರ ನರಸಿಂಹನ ಗುಡ್ಡೆಗಣ್ಣು ನೋಡಿ ಎಲ್ಲರೂ ‘ಉಗ್ರ’ ಅಂದುಬಿಡುತ್ತಾರೆ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ, ಆದರೆ ಅವಳ ಕೈ ಮಾತ್ರ ಗಂಡನ ಬೆನ್ನನ್ನು ಬಿಟ್ಟಿಲ್ಲ. ಮುಖವಿಲ್ಲ, ಮೈಯಿಲ್ಲ, ಬರೀ ಒಂದು ಕೈ. ಸಿಟ್ಟಿನ ಸ್ವಾಮಿಯ ಸಂಸಾರವೆಲ್ಲ ಅದರಲ್ಲೇ ತಿಳಿಯುತ್ತದೆ.

ಉತ್ತರ ಕೊಡುವ ಮೊದಲು ರೋಬೋಟು ಚಣಹೊತ್ತು ಬೇರೆ ಕಡೆ ನೋಡಿದರೆ ಅದು ಯೋಚಿಸುತ್ತಿದೆ ಎಂದು ಜನ ನಂಬುತ್ತಾರಂತೆ. ಹಾಗಂತ ಅದನ್ನೂ ಕಲಿಸುತ್ತಿದ್ದಾರೆ. ಗುರುಗಳು ಬೇಕಿದ್ದರೆ ಸಂಡೂರಿನಲ್ಲಿದ್ದಾರೆ. ಲಂಬಾಣಿ ಕಸೂತಿಯ ಚೀಲಕ್ಕೆ ಅರ್ಧ ಬೆಲೆ ಕೇಳಿ ನೋಡ್ರಿ. ಅಕ್ಕ ಬೈಯುವುದಿಲ್ಲ, ಇಲ್ಲ ಅನ್ನುವುದೂ ಇಲ್ಲ. ಮುಖ ತಿರುಗಿಸಿ ಗುಡ್ಡ ನೋಡುತ್ತ ಕೂರುತ್ತಾಳೆ. ಅವಳು ಈ ಕಡೆ ತಿರುಗುವಷ್ಟರಲ್ಲಿ ನೀವೇ ನೂರು ರೂಪಾಯಿ ಏರಿಸಿರುತ್ತೀರಿ.